ಕಾರುರಹಿತ ದಿನದ ಸಾಧಕ-ಬಾಧಕ: ಮಂಗಳೂರು, ಉಡುಪಿಯ ರಸ್ತೆಗಳನ್ನು ಮುಂದಿಟ್ಟುಕೊಂಡು

(ಮಂಗಳೂರಿನ ಕಾಲೇಜೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರೇ, ಸಹೋದ್ಯೋಗಿಗಳೇ, ವಿದ್ಯಾರ್ಥಿ ಮಿತ್ರರೇ,

ಎರಡು ವರ್ಷಕ್ಕೊಮ್ಮೆ ಜನವರಿ 17ರ ಸಂಜೆ ಉಡುಪಿಯ ಪೇಟೆಯೊಳಗೆ ಕಾರುಗಳ ಓಡಾಟ ನಿಂತುಹೋಗುತ್ತದೆ. ಅದು ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಪರ್ಯಾಯದ ಮುನ್ನಾರಾತ್ರಿ. ಯಾವ ಕಡೆಯಿಂದ ಬರುವ ವಾಹನ ಎಲ್ಲಿ ನಿಲ್ಲಬೇಕು, ಯಾವ ಬಸ್ಸು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಪೊಲೀಸರು ಮುಂಚಿತವಾಗಿಯೇ ಪತ್ರಿಕೆಗಳಲ್ಲಿ ಪ್ರಕಟಿಸಿರುತ್ತಾರೆ. ಜನರು ಊರ ಅಂಚಿನಲ್ಲಿ ಕಾರು ಬಿಟ್ಟು, ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಮುದುಕರ ಕೈ ಹಿಡಿದುಕೊಂಡು ಜೋಡುಕಟ್ಟೆಯ ಕಡೆಗೂ ರಥಬೀದಿಯ ಕಡೆಗೂ ನಡೆಯುತ್ತಾರೆ. ಮರುದಿನ ಬೆಳಗಿನ ಜಾವದ ಮೆರವಣಿಗೆ ರಥಬೀದಿಯನ್ನು ಸೇರುವ ತನಕ ಆ ರಸ್ತೆಯಲ್ಲಿ ಹಾರನ್ ಕೇಳಿಸುವುದಿಲ್ಲ. ಕೃಷ್ಣಾಷ್ಟಮಿಯ ಮರುದಿನ ಬರುವ ವಿಟ್ಲಪಿಂಡಿಯ ಮಧ್ಯಾಹ್ನವೂ ಹಾಗೆಯೇ. ಮಂಗಳೂರಿನಲ್ಲಿ ರಥಸಪ್ತಮಿಯ ಕೊಡಿಯಾಲ ತೇರಿನ ದಿನ, ಕುದ್ರೋಳಿಯ ದಸರಾ ಮೆರವಣಿಗೆಯ ರಾತ್ರಿ ಇದೇ ದೃಶ್ಯವನ್ನು ನಾವೆಲ್ಲ ಕಂಡಿದ್ದೇವೆ. ಇವನ್ನು ಯಾರೂ ಕಾರುರಹಿತ ದಿನ ಎಂದು ಕರೆಯುವುದಿಲ್ಲ. ಆದರೆ ಮುಖ್ಯ ರಸ್ತೆಯೊಂದನ್ನು ಕೆಲವು ಗಂಟೆಗಳ ಮಟ್ಟಿಗೆ ವಾಹನಗಳಿಂದ ಬಿಡಿಸಿ ಜನರ ಕೈಗೆ ಕೊಡುವ ಕೆಲಸ ಈ ಎರಡು ಊರುಗಳಿಗೆ ಹೊಸದಲ್ಲ, ಅದನ್ನು ಮಾಡುವ ಬಗೆ ನಮ್ಮ ಆಡಳಿತಕ್ಕೆ ಗೊತ್ತಿದೆ ಎಂಬುದನ್ನು ಆರಂಭದಲ್ಲಿಯೇ ಹೇಳಿಬಿಡಬೇಕು.

ಹಬ್ಬದ ದಿನ ಸಾಧ್ಯವಾಗುವುದು ಸಾಧಾರಣ ದಿನದಲ್ಲಿಯೂ ಸಾಧ್ಯವೇ, ಸಾಧ್ಯವಾದರೆ ಅದರಿಂದ ಯಾರಿಗೆ ಉಪಕಾರ, ಯಾರಿಗೆ ತೊಂದರೆ ಎಂಬುದು ಇಂದಿನ ವಿಷಯ. ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ಕಾರುರಹಿತ ದಿನವನ್ನು ಉತ್ಸವದಂತೆ ಆಚರಿಸಿದರೆ ಅದರಿಂದ ಬರುವ ಲಾಭ ಬಹಳ ಕಡಿಮೆ. ಊರಿನ ಬಸ್ಸು, ಫುಟ್‌ಪಾತ್, ರಸ್ತೆ ದಾಟುವ ಜಾಗ ಇವೆಲ್ಲ ಹೇಗಿವೆ ಎಂದು ತಿಳಿಯುವ ಪರೀಕ್ಷೆಯ ದಿನವನ್ನಾಗಿ ಅದನ್ನು ನಡೆಸಿದರೆ ಮಾತ್ರ ಅದಕ್ಕಾಗಿ ಜನರಿಗೆ ತೊಂದರೆ ಕೊಡುವುದು ನ್ಯಾಯವಾಗುತ್ತದೆ.

ಈ ಯೋಚನೆ ಪರಿಸರದ ಕಾಳಜಿಯಿಂದ ಹುಟ್ಟಿದ್ದೆಂದು ಹಲವರು ಭಾವಿಸಿದ್ದಾರೆ. ಅದು ಹುಟ್ಟಿದ್ದು ಪೆಟ್ರೋಲ್ ಇಲ್ಲದ ಸಂಕಟದಿಂದ. 1956ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟು ಬಂದಾಗ ನೆದರ್‌ಲ್ಯಾಂಡ್ಸ್ ಸರ್ಕಾರ ಭಾನುವಾರಗಳಂದು ಕಾರು ಓಡಿಸುವುದನ್ನು ನಿಷೇಧಿಸಿತು. 1973ರಲ್ಲಿ ಅರಬ್ ದೇಶಗಳು ತೈಲ ಕೊಡುವುದನ್ನು ನಿಲ್ಲಿಸಿದಾಗ ಅಲ್ಲಿಯೇ ನವೆಂಬರ್ 4ರಿಂದ ಮತ್ತೆ ಕಾರಿಲ್ಲದ ಭಾನುವಾರಗಳು ಬಂದವು, ಪಶ್ಚಿಮ ಜರ್ಮನಿ ಮತ್ತು ಸ್ವಿಟ್ಜರ್‌ಲ್ಯಾಂಡ್ ಕೂಡ ಕೆಲವು ಭಾನುವಾರಗಳ ಮಟ್ಟಿಗೆ ಅದೇ ದಾರಿ ಹಿಡಿದವು. ಖಾಲಿ ಹೆದ್ದಾರಿಯ ಮೇಲೆ ಮಕ್ಕಳು ಸೈಕಲ್ ಓಡಿಸಿದ ಆ ದಿನಗಳ ನೆನಪು ಅಲ್ಲಿನ ಜನರಲ್ಲಿ ಉಳಿಯಿತು. ತೈಲದ ಕೊರತೆ ತೀರಿದ ಬಳಿಕ ಆ ನೆನಪಿಗೆ ಪರಿಸರದ ಅರ್ಥ ಸೇರಿಕೊಂಡಿತು. 1997ರ ಸೆಪ್ಟೆಂಬರ್ 9ರಂದು ಫ್ರಾನ್ಸಿನ ಲಾ ರೋಷೆಲ್ ಎಂಬ ಬಂದರು ನಗರ ತಾನಾಗಿಯೇ ಇಂಥ ಒಂದು ದಿನವನ್ನು ನಡೆಸಿತು, ಮರುವರ್ಷ ಸೆಪ್ಟೆಂಬರ್ 22ರಂದು ಫ್ರಾನ್ಸಿನ 35 ಊರುಗಳು ಸೇರಿಕೊಂಡವು, ಆ ದಿನಾಂಕವೇ ಮುಂದೆ ಜಾಗತಿಕ ಕಾರುರಹಿತ ದಿನವಾಯಿತು. ನಮ್ಮ ದೇಶದಲ್ಲಿ 2013ರ ನವೆಂಬರ್ 17ರಂದು ಗುರುಗ್ರಾಮದಲ್ಲಿ ಆರಂಭವಾದ, ಭಾನುವಾರ ಬೆಳಿಗ್ಗೆ ರಸ್ತೆಯನ್ನು ಜನರಿಗೆ ಬಿಟ್ಟುಕೊಡುವ ‘ರಾಹಗಿರಿ’ ಹಲವು ಊರುಗಳಿಗೆ ಮಾದರಿಯಾಯಿತು. ಬೆಂಗಳೂರಿನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟನ್ನು ವಾರಾಂತ್ಯಗಳಲ್ಲಿ ನಡೆಯುವವರಿಗಷ್ಟೇ ಬಿಟ್ಟುಕೊಟ್ಟಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಇದರ ಪರವಾಗಿ ಹೇಳುವವರು ಸಾಮಾನ್ಯವಾಗಿ ಗಾಳಿಯ ಮಾತಿನಿಂದ ಶುರುಮಾಡುತ್ತಾರೆ. 2015ರ ಸೆಪ್ಟೆಂಬರ್ 27ರಂದು ಪ್ಯಾರಿಸ್ ನಗರ ತನ್ನ ನಡುಭಾಗದಲ್ಲಿ ಕಾರು ನಿಲ್ಲಿಸಿದಾಗ, ಕೆಲವು ಜಾಗಗಳಲ್ಲಿ ವಾಹನದ ಹೊಗೆಯಿಂದ ಬರುವ ನೈಟ್ರೋಜನ್ ಡೈಆಕ್ಸೈಡ್ ಶೇಕಡ 40ರವರೆಗೆ ಇಳಿದಿತ್ತು. ಇದು ಅಳೆದು ಕಂಡ ಸಂಗತಿ, ಸಣ್ಣದೂ ಅಲ್ಲ. ಆದರೆ ಇದೇ ವಾದವನ್ನು ಮಂಗಳೂರಿಗೆ ಹಾಗೆಯೇ ತಂದು ಹಚ್ಚುವುದು ಸರಿಯಲ್ಲ. ದೆಹಲಿಯ ಚಳಿಗಾಲದಲ್ಲಿ ಗಾಳಿ ಕದಲದೆ ಹೊಗೆ ನೆಲಕ್ಕೆ ಅಂಟಿಕೊಂಡಂತೆ ಇಲ್ಲಿ ಆಗುವುದಿಲ್ಲ. ಹಗಲು ಸಮುದ್ರದ ಕಡೆಯಿಂದ, ರಾತ್ರಿ ನೆಲದ ಕಡೆಯಿಂದ ಬೀಸುವ ಗಾಳಿ ನಮ್ಮ ಹೊಗೆಯನ್ನು ಬಹುಮಟ್ಟಿಗೆ ಹೊತ್ತೊಯ್ಯುತ್ತದೆ. ಒಂದು ದಿನ ಇಳಿದ ಪ್ರಮಾಣ ಮರುದಿನ ಮತ್ತೆ ಏರುತ್ತದೆ ಎಂಬುದೂ ಎಲ್ಲ ಊರುಗಳಲ್ಲಿ ಕಂಡ ಮಾತೇ. ಆದ್ದರಿಂದ ಕರಾವಳಿಯಲ್ಲಿ ಗಾಳಿಯ ಲಾಭವೊಂದನ್ನೇ ನಂಬಿ ಕಾರುರಹಿತ ದಿನದ ಪರವಾಗಿ ವಾದಿಸುವವರು ಮೊದಲ ಪ್ರಶ್ನೆಗೇ ಸೋಲುತ್ತಾರೆ.

ಸದ್ದಿನ ಮಾತು ಬೇರೆ. ಶಬ್ದದ ಅಳತೆಯಲ್ಲಿ 3 ಡೆಸಿಬಲ್ ಇಳಿಯಿತೆಂದರೆ ಶಬ್ದದ ಶಕ್ತಿ ಅರ್ಧಕ್ಕೆ ಇಳಿಯಿತು ಎಂದರ್ಥ. ಪ್ಯಾರಿಸ್ಸಿನಲ್ಲಿ ಆ ದಿನ ಸರಾಸರಿ ಅಷ್ಟು ಇಳಿದಿತ್ತು. ಮಂಗಳೂರಿನ ಹಂಪನಕಟ್ಟೆಯಲ್ಲಿ ವೆನ್ಲಾಕ್ ಆಸ್ಪತ್ರೆ, ಲೇಡಿ ಗೋಷನ್ ಆಸ್ಪತ್ರೆ ಎರಡೂ ರಸ್ತೆಗೆ ಅಂಟಿಕೊಂಡಂತೆ ಇವೆ. ಹೆರಿಗೆಯಾದ ತಾಯಂದಿರೂ ಶಸ್ತ್ರಚಿಕಿತ್ಸೆ ಮುಗಿಸಿದವರೂ ಮಲಗಿರುವ ಕಟ್ಟಡಗಳ ಎದುರು ಬೆಳಗಿನಿಂದ ರಾತ್ರಿಯವರೆಗೆ ನಿಲ್ಲದ ಹಾರನ್ನನ್ನು ನಾವು ಎಷ್ಟು ಸಹಜವೆಂದು ಒಪ್ಪಿಕೊಂಡಿದ್ದೇವೆಂದರೆ, ಅದು ನಿಲ್ಲಬಹುದು ಎಂಬ ಊಹೆಯೇ ನಮಗಿಲ್ಲ. ಒಂದು ದಿನ ಅದು ನಿಂತಾಗ ಕೇಳಿಸುವ ಊರು ಬೇರೆಯೇ ಆಗಿರುತ್ತದೆ.

ಆದರೂ ನಮ್ಮ ಪಾಲಿಗೆ ಅತಿ ದೊಡ್ಡ ಲಾಭ ಗಾಳಿಯದೂ ಅಲ್ಲ, ಸದ್ದಿನದೂ ಅಲ್ಲ, ಜಾಗದ್ದು ಎಂದು ನಾನು ತಿಳಿದಿದ್ದೇನೆ. ಸುಮ್ಮನೆ ನಿಂತ ಒಂದು ಕಾರಿಗೆ ಹನ್ನೆರಡು ಚದರ ಮೀಟರಿನಷ್ಟು ನೆಲ ಬೇಕು. ಚಲಿಸುವಾಗ ಹಿಂದೆ-ಮುಂದೆ ಬಿಡಬೇಕಾದ ಅಂತರ ಸೇರಿದರೆ ಅದು ಹಲವು ಪಟ್ಟಾಗುತ್ತದೆ. ಅರವತ್ತು ಜನರನ್ನು ಒಯ್ಯುವ ಸಿಟಿ ಬಸ್ಸು ಎರಡು ಮೂರು ಕಾರುಗಳ ಜಾಗದಲ್ಲಿ ನಿಲ್ಲುತ್ತದೆ. ಇದು ಪುಸ್ತಕದ ಲೆಕ್ಕವಾಯಿತು, ಅದು ಕಣ್ಣಿಗೆ ಕಾಣುವ ಜಾಗವೊಂದನ್ನು ಹೇಳುತ್ತೇನೆ.

ಜ್ಯೋತಿ ವೃತ್ತದಿಂದ ಹಂಪನಕಟ್ಟೆಯವರೆಗೆ ಎಪ್ಪತ್ತು ದಾಟಿದ ನನ್ನ ಅಕ್ಕನ ಜೊತೆ ಕಳೆದ ಡಿಸೆಂಬರಿನಲ್ಲಿ ನಡೆದೆ. ನಾನೊಬ್ಬನೇ ಆಗಿದ್ದರೆ ಹತ್ತು-ಹನ್ನೆರಡು ನಿಮಿಷದ ದಾರಿ. ಅಕ್ಕನ ಜೊತೆ ಅರ್ಧ ಗಂಟೆ ಹಿಡಿಯಿತು. ಇಂಟರ್‌ಲಾಕ್ ಹಾಕಿದ ಫುಟ್‌ಪಾತ್ ಚೆನ್ನಾಗಿಯೇ ಆರಂಭವಾಗುತ್ತದೆ; ಒಂದು ಗೇಟು ಬಂದ ಕೂಡಲೇ ತುಂಡಾಗುತ್ತದೆ; ಮುಂದೆ ಚರಂಡಿಯ ಮೇಲಿನ ಚಪ್ಪಡಿಯೊಂದು ಮೇಲೆದ್ದಿದೆ; ಅಲ್ಲಿಂದಾಚೆ ಸಾಲಾಗಿ ಸ್ಕೂಟರ್ ನಿಂತಿವೆ; ಕೆಳಗಿಳಿಯೋಣವೆಂದರೆ ಕಾಂಕ್ರೀಟ್ ರಸ್ತೆಯ ಅಂಚು ಅರ್ಧ ಅಡಿ ಎತ್ತರದಲ್ಲಿದೆ. ಅಕ್ಕ ಪ್ರತಿ ಸಲವೂ ಒಂದು ಕೈಯಲ್ಲಿ ನನ್ನ ತೋಳನ್ನು, ಇನ್ನೊಂದು ಕೈಯಲ್ಲಿ ನಿಂತ ಯಾವುದೋ ಕಾರಿನ ಕನ್ನಡಿಯನ್ನು ಹಿಡಿದು ಇಳಿಯುತ್ತಿದ್ದಳು. ಒಂದು ಕಡೆ ರಸ್ತೆ ದಾಟಲು ನಿಂತು, ವಾಹನಗಳು ಬಿಡುವು ಕೊಡದೆ ಇದ್ದಾಗ, “ನಾವು ಮನೆಯಲ್ಲೇ ಇರಬೇಕಿತ್ತು” ಎಂದಳು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ವಯಸ್ಸಾದವರು ಹೊರಗೆ ಬರುವುದು ನಿಂತಿರುವುದು ಅವರ ಕಾಲಿನ ಶಕ್ತಿ ಕುಂದಿದ್ದರಿಂದ ಮಾತ್ರವಲ್ಲ, ಅವರಿಗೆ ನಡೆಯಲು ದಾರಿ ಇಲ್ಲದ್ದರಿಂದಲೂ ಹೌದು.

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಸುಮಾರು ಐವರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು. ರಸ್ತೆ ವಾಹನಗಳಿಗಾಗಿ ಅಲ್ಲ, ಜನರನ್ನು ಸಾಗಿಸುವುದಕ್ಕಾಗಿ ಎಂಬ ಮಾತನ್ನು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲಿ ಸರ್ಕಾರವೇ ಬರೆದಿಟ್ಟಿದೆ. ಬರೆದದ್ದು ನೆಲಕ್ಕೆ ಇಳಿದಿಲ್ಲ ಎಂಬುದನ್ನು ತೋರಿಸಲು ರಸ್ತೆಯನ್ನು ಕೆಲವು ಗಂಟೆ ಖಾಲಿ ಮಾಡಿ ನೋಡುವುದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ವಾಹನ ನಿಂತಾಗಲೇ ಫುಟ್‌ಪಾತ್ ಎಲ್ಲಿ ತುಂಡಾಗಿದೆ, ಚಪ್ಪಡಿ ಎಲ್ಲಿ ಎದ್ದಿದೆ, ಬಸ್ ತಂಗುದಾಣದ ಎದುರಿನ ಜಾಗವನ್ನು ಯಾರು ಹಿಡಿದುಕೊಂಡಿದ್ದಾರೆ ಎಂಬುದು ಬಯಲಾಗುತ್ತದೆ.

ಇನ್ನು ಬಾಧಕಗಳ ಕಡೆಗೆ ಬರುತ್ತೇನೆ. ಅವನ್ನು ಹಗುರವಾಗಿ ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ಅದಕ್ಕೆ ಒಂದು ಕಾರಣವಿದೆ.

ಹಲವು ವರ್ಷಗಳ ಹಿಂದೆ, ಪೇಟೆಯಲ್ಲಿ ಮೆರವಣಿಗೆಯೊಂದಿದ್ದ ಸಂಜೆ, ನನ್ನ ಅತ್ತೆಯವರಿಗೆ ಎದೆ ನೋವು ಕಾಣಿಸಿಕೊಂಡಿತು. ನೆರೆಮನೆಯವರ ರಿಕ್ಷಾದಲ್ಲಿ ಹೊರಟೆವು. ಮೊದಲ ತಿರುವಿನಲ್ಲಿಯೇ ಬ್ಯಾರಿಕೇಡ್ ಇತ್ತು, ಅಲ್ಲಿಂದ ಬೇರೆ ದಾರಿಗೆ ಕಳುಹಿಸಿದರು, ಆ ದಾರಿಯಲ್ಲಿ ನಮ್ಮಂತೆಯೇ ತಿರುಗಿಸಲ್ಪಟ್ಟ ನೂರಾರು ವಾಹನಗಳು ನಿಂತಿದ್ದವು. ರಿಕ್ಷಾ ಚಾಲಕರು ಇಳಿದು, ಒಂದೊಂದೇ ಕಾರಿನ ಗಾಜು ತಟ್ಟಿ, ಕೈಮುಗಿದು ದಾರಿ ಬಿಡಿಸಿಕೊಂಡರು. ಅತ್ತೆಯವರು ಬದುಕಿದರು. ಆದರೆ ಆ ಇಪ್ಪತ್ತೈದು ನಿಮಿಷಗಳನ್ನು ನೆನೆದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ. ಮಂಗಳೂರು ಆಸ್ಪತ್ರೆಗಳ ಊರು. ಕಾಸರಗೋಡಿನಿಂದ, ಕೊಡಗಿನಿಂದ, ಚಿಕ್ಕಮಗಳೂರಿನಿಂದ ಆಂಬುಲೆನ್ಸ್‌ಗಳು ಇಲ್ಲಿಗೆ ಬರುತ್ತವೆ. ಅತ್ತ ಮಣಿಪಾಲದ ಕಥೆಯೂ ಅದೇ. ಆಂಬುಲೆನ್ಸಿಗೆ ವಿನಾಯಿತಿ ಇದೆ ಎಂದು ಆದೇಶದಲ್ಲಿ ಬರೆದರೆ ಸಾಲದು. ನಮ್ಮಲ್ಲಿ ಅರ್ಧಕ್ಕರ್ಧ ರೋಗಿಗಳು ಆಸ್ಪತ್ರೆಗೆ ಬರುವುದು ಆಂಬುಲೆನ್ಸಿನಲ್ಲಿ ಅಲ್ಲ. ಪಕ್ಕದ ಮನೆಯ ಕಾರಿನಲ್ಲಿ, ರಿಕ್ಷಾದಲ್ಲಿ, ಕೆಲವೊಮ್ಮೆ ಸ್ಕೂಟರಿನ ಹಿಂದೆ. ಬ್ಯಾರಿಕೇಡಿನ ಬಳಿ ನಿಂತ ಹುಡುಗನಿಗೆ ಯಾರ ಮುಖ ನೋಡಿ ಬಿಡಬೇಕು ಎಂಬುದನ್ನು ಮೊದಲೇ ಕಲಿಸಿರಬೇಕು. ಹಂಪನಕಟ್ಟೆಯ ಆಸ್ಪತ್ರೆಗಳ ಎದುರಿನ ರಸ್ತೆಯನ್ನು ಕಾರುರಹಿತ ಮಾಡಬೇಕೆಂದು ಯಾರಾದರೂ ಹೇಳಿದರೆ, ಅಲ್ಲಿನ ಸದ್ದಿನ ಬಗ್ಗೆ ಈಗಷ್ಟೇ ಮಾತಾಡಿದ ನಾನೇ ಅದನ್ನು ವಿರೋಧಿಸುತ್ತೇನೆ. ಅಲ್ಲಿ ಬೇಕಾದದ್ದು ಹಾರನ್ ಇಲ್ಲದ ರಸ್ತೆ, ವಾಹನ ಇಲ್ಲದ ರಸ್ತೆಯಲ್ಲ.

ಯಾವ ವಾರ ಎಂಬ ಪ್ರಶ್ನೆಯೂ ನಮ್ಮ ಊರಿನಲ್ಲಿ ಸುಲಭದ್ದಲ್ಲ. ಹೊರಗಿನವರು ಥಟ್ಟನೆ ಭಾನುವಾರ ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಮಿಲಾಗ್ರಿಸ್ ಚರ್ಚಿಗೆ, ರೊಸಾರಿಯೊ ಕೆಥೆಡ್ರಲ್‌ಗೆ ದೂರದೂರದಿಂದ ಕುಟುಂಬಗಳು ಬರುತ್ತವೆ, ವಯಸ್ಸಾದವರನ್ನು ಬಾಗಿಲ ತನಕ ಕಾರಿನಲ್ಲಿಯೇ ತರಬೇಕಾಗುತ್ತದೆ. ಮದುವೆಗಳೂ ಹೆಚ್ಚಾಗಿ ಭಾನುವಾರವೇ. ಸೀರೆ ಉಟ್ಟು ಬಂದ ನೆಂಟರನ್ನು ಸಭಾಂಗಣದಿಂದ ಒಂದು ಕಿಲೋಮೀಟರ್ ದೂರದಲ್ಲಿ ಇಳಿಸಿ ನಡೆಸಿದರೆ ಆ ಮನೆಯವರು ಕಾರುರಹಿತ ದಿನವನ್ನು ಜನ್ಮದಲ್ಲಿ ಮರೆಯುವುದಿಲ್ಲ. ಶುಕ್ರವಾರ ಮಧ್ಯಾಹ್ನ ಬಂದರಿನ ಕಡೆಯ ಮಸೀದಿಗಳಲ್ಲಿ ಜುಮ್ಮಾ ನಮಾಜು. ಬಂದರು ಪೇಟೆ ಸಗಟು ವ್ಯಾಪಾರದ ಜಾಗವಾದ್ದರಿಂದ ವಾರದ ದಿನಗಳಲ್ಲಿ ಅಲ್ಲಿಗೆ ಲಾರಿ ಬರಲೇಬೇಕು. ನಸುಕಿನಲ್ಲಿ ದಕ್ಕೆಯಿಂದ ಹೊರಡುವ ಮೀನಿನ ಟೆಂಪೋಗಳು, ಬುಟ್ಟಿಯೊಂದಿಗೆ ರಿಕ್ಷಾ ಹಿಡಿಯುವ ಮೀನು ಮಾರುವ ಮಹಿಳೆಯರು ಒಂದು ಗಂಟೆ ತಡವಾದರೂ ಆ ದಿನದ ದುಡಿಮೆ ಕೈತಪ್ಪುತ್ತದೆ, ಏಕೆಂದರೆ ಮೀನು ಕಾಯುವ ಸರಕಲ್ಲ. ಕಾರುರಹಿತ ದಿನವೆಂದರೆ ಕಾರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವವರು ಇವನ್ನೆಲ್ಲ ಕಣ್ಣ ಮುಂದೆ ತಂದುಕೊಳ್ಳಬೇಕು.

ರಿಕ್ಷಾ ಚಾಲಕರ ವಿಷಯದಲ್ಲಿ ಅನ್ಯಾಯ ಬಹಳ ಬೇಗ ನಡೆದುಹೋಗುತ್ತದೆ. ರಿಕ್ಷಾ ಪಾರ್ಕಿನಲ್ಲಿ ದಿನವಿಡೀ ಸರದಿಗೆ ಕಾಯುವವರಿಗೆ ಒಂದು ದಿನದ ರಸ್ತೆ ಬಂದ್ ಎಂದರೆ ಒಂದು ದಿನದ ಸಂಪಾದನೆ ಬಂದ್. ಬಸ್ಸಿಳಿದವರನ್ನು ಮನೆಯವರೆಗೆ ಮುಟ್ಟಿಸುವ ವಾಹನ ರಿಕ್ಷಾ. ಅದನ್ನು ಕಾರಿನ ಪಟ್ಟಿಗೆ ಸೇರಿಸಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅಂಗಡಿಯವರ ಆತಂಕವೂ ಸುಳ್ಳಲ್ಲ. ಕೊಲಂಬಿಯಾ ದೇಶದ ಬೊಗೋಟಾದಲ್ಲಿ ವರ್ತಕರ ಸಂಘಟನೆ ಕಾರುರಹಿತ ದಿನದಿಂದ ವ್ಯಾಪಾರ ಇಳಿಯುತ್ತದೆ ಎಂದು ಪದೇಪದೇ ದೂರಿಕೊಂಡಿದೆ. ಜೀನಸಿ ಅಂಗಡಿಯಲ್ಲಿ ಐವತ್ತು ಕಿಲೋ ಅಕ್ಕಿ ಕೊಳ್ಳುವವನು ಆ ದಿನ ಬರುವುದಿಲ್ಲ. ಗೋಳಿಬಜೆ, ಚಾ ಮಾರುವವನಿಗೆ ದುಪ್ಪಟ್ಟು ವ್ಯಾಪಾರ. ಒಂದೇ ಬೀದಿಯ ಎರಡು ಅಂಗಡಿಗಳಿಗೆ ಒಂದೇ ದಿನ ಎರಡು ಬಗೆಯ ಫಲ ಎಂಬುದನ್ನು ತಿಳಿದೇ ಮುಂದುವರಿಯಬೇಕು.

ತಿರುಗಿಸಿದ ವಾಹನ ಎಲ್ಲಿಗೆ ಹೋಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಸಮತಟ್ಟಾದ ದೊಡ್ಡ ನಗರಗಳಲ್ಲಿ ಒಂದು ರಸ್ತೆ ಮುಚ್ಚಿದರೆ ನಾಲ್ಕು ರಸ್ತೆ ಸಿಗುತ್ತವೆ. ಮಂಗಳೂರು ಗುಡ್ಡ, ತಗ್ಗುಗಳ ನಡುವೆ ಹರಡಿದ ಊರು. ಒಂದು ಕಡೆ ಸಮುದ್ರ, ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಫಲ್ಗುಣಿ. ಪೇಟೆಯಲ್ಲಿ ದಾರಿ ಮುಚ್ಚಿದರೆ ಭಾರವೆಲ್ಲ ಪಂಪ್‌ವೆಲ್, ನಂತೂರು, ಕೆಪಿಟಿ ಜಂಕ್ಷನ್‌ಗಳ ಮೇಲೆ ಬೀಳುತ್ತದೆ. ಅವು ಸಾಧಾರಣ ದಿನಗಳಲ್ಲಿಯೇ ಉಸಿರುಗಟ್ಟಿವೆ. ಅವುಗಳನ್ನು ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 66 ಕೇರಳದಿಂದ ಗೋವಾದವರೆಗಿನ ಸಾಗಾಟದ ದಾರಿ, ನವಮಂಗಳೂರು ಬಂದರಿನ ಟ್ಯಾಂಕರ್‌ಗಳ ದಾರಿ. ಅದನ್ನು ಯಾವ ಕಾರಣಕ್ಕೂ ಮುಟ್ಟುವಂತಿಲ್ಲ. ಉಡುಪಿಯಲ್ಲಿ ಇದಕ್ಕಿಂತ ಅನುಕೂಲವಿದೆ. ರಥಬೀದಿಗೆ ಪ್ರವಾಸಿಗರ ಕಾರುಗಳನ್ನು ಬಿಡದೆ, ರಾಜಾಂಗಣದ ಕಡೆ ನಿಲ್ಲಿಸಿ ನಡೆದು ಬರುವ ರೂಢಿ ಇರುವುದರಿಂದ, ಸಂಜೆಯ ಹೊತ್ತು ಅಲ್ಲಿ ಮಕ್ಕಳು ಓಡಾಡುವುದನ್ನು, ಹೂವಿನವರ ಎದುರು ಜನ ಅವಸರವಿಲ್ಲದೆ ನಿಲ್ಲುವುದನ್ನು ಯಾರು ಬೇಕಾದರೂ ನೋಡಬಹುದು. ರಥಬೀದಿಗೆ ಇಂಗ್ಲಿಷಿನಲ್ಲಿ ನಾವು ಕಾರ್ ಸ್ಟ್ರೀಟ್ ಎನ್ನುತ್ತೇವೆ. ಅಲ್ಲಿನ ‘ಕಾರ್’ ಎಂದರೆ ಜನ ಹಗ್ಗ ಹಿಡಿದು ಎಳೆಯುವ ತೇರು.

ಕಾರುರಹಿತ ದಿನದ ಹೆಸರಿನಲ್ಲಿಯೇ ಒಂದು ತೊಡಕಿದೆ. ನಮ್ಮ ದೇಶದ ನೋಂದಾಯಿತ ವಾಹನಗಳಲ್ಲಿ ಸುಮಾರು ಮುಕ್ಕಾಲು ಪಾಲು ದ್ವಿಚಕ್ರ ವಾಹನಗಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕಾರು ಇರುವ ಕುಟುಂಬಗಳು ನೂರಕ್ಕೆ ಎಂಟರಷ್ಟು. ಕಾರನ್ನಷ್ಟೇ ನಿಲ್ಲಿಸಿ ಬೈಕು, ಸ್ಕೂಟರ್ ಬಿಟ್ಟರೆ ರಸ್ತೆ ನಡೆಯುವವರಿಗೆ ಸಿಗುವುದಿಲ್ಲ. ದ್ವಿಚಕ್ರ ವಾಹನಗಳ ವೇಗ ಮತ್ತಷ್ಟು ಹೆಚ್ಚುತ್ತದೆ. ಅವನ್ನೂ ನಿಲ್ಲಿಸಿದರೆ, ಬಸ್ಸಿಲ್ಲದ ಊರಿನಿಂದ ಕೆಲಸಕ್ಕೆ ಬರುವ ನರ್ಸ್, ಅಂಗಡಿ ಸಹಾಯಕ, ಡೆಲಿವರಿ ಹುಡುಗ ಇವರ ಕಾಲು ಕಟ್ಟಿದಂತಾಗುತ್ತದೆ. ದೆಹಲಿಯಲ್ಲಿ 2016ರ ಜನವರಿಯಲ್ಲಿ, ನಂಬರಿನ ಪ್ರಕಾರ ಕಾರುಗಳು ದಿನ ಬಿಟ್ಟು ದಿನ ಓಡಬೇಕೆಂಬ ಸಮ-ಬೆಸ ಸಂಖ್ಯೆಯ ನಿಯಮ ಬಂದಾಗ ದ್ವಿಚಕ್ರ ವಾಹನಗಳಿಗೆ ವಿನಾಯಿತಿ ಕೊಟ್ಟದ್ದು ಈ ಕಾರಣಕ್ಕೇ. ಅಷ್ಟೂ ಜನರನ್ನು ಹೊರುವಷ್ಟು ಬಸ್ಸುಗಳು ಅಲ್ಲಿ ಇರಲಿಲ್ಲ. ಬೊಗೋಟಾದಲ್ಲಿ ಮೊದಲು ಕಾರುಗಳನ್ನು ಮಾತ್ರ ನಿಲ್ಲಿಸಿ, ಈಚಿನ ವರ್ಷಗಳಲ್ಲಿ ಮೋಟಾರ್ ಸೈಕಲ್‌ಗಳನ್ನೂ ಸೇರಿಸಿಕೊಂಡಿದ್ದಾರೆ. ಆ ನಡುವೆ ಅವರು ಬಸ್ಸಿನ ವ್ಯವಸ್ಥೆಯನ್ನು ಕಟ್ಟಿದ್ದರು ಎಂಬುದನ್ನು ಮರೆಯಬಾರದು.

ಬೊಗೋಟಾದ ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನಗೆ ಅದು ಪ್ಯಾರಿಸ್ಸಿಗಿಂತ ಹತ್ತಿರದ್ದಾಗಿ ಕಾಣುತ್ತದೆ. ಅಲ್ಲಿ ಎರಡು ಬೇರೆ ಬೇರೆ ಪದ್ಧತಿಗಳಿವೆ. ಒಂದು, 1974ರ ಡಿಸೆಂಬರಿನಲ್ಲಿ ಆರಂಭವಾದ ‘ಸಿಕ್ಲೋವಿಯಾ’. ಪ್ರತಿ ಭಾನುವಾರ ಮತ್ತು ರಜಾದಿನ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನೂರು ಕಿಲೋಮೀಟರಿಗೂ ಹೆಚ್ಚು ರಸ್ತೆ ನಡೆಯುವವರಿಗೆ, ಸೈಕಲ್‌ನವರಿಗೆ ಬಿಟ್ಟುಕೊಡುತ್ತಾರೆ. ಅದು ವಿರಾಮದ ದಿನದ ಸಂತೋಷ. ಇನ್ನೊಂದು, ಎನ್ರಿಕೆ ಪೆನಲೋಸಾ ಮೇಯರ್ ಆಗಿದ್ದಾಗ 2000ದ ಫೆಬ್ರವರಿ 24ರಂದು, ಒಂದು ಗುರುವಾರ, ನಡೆಸಿದ ಕಾರುರಹಿತ ದಿನ. ಅದೇ ವರ್ಷ ಜನಮತಗಣನೆ ನಡೆಸಿ, ಅದನ್ನು ವರ್ಷಕ್ಕೊಮ್ಮೆ ಫೆಬ್ರವರಿಯ ಮೊದಲ ಗುರುವಾರ ಎಂದು ಗಟ್ಟಿ ಮಾಡಿದರು. ಕೆಲಸದ ದಿನವನ್ನೇ ಆರಿಸಿದ್ದರಲ್ಲಿ ಅದರ ಸತ್ವ ಇದೆ. ಕಚೇರಿಗೆ, ಶಾಲೆಗೆ, ಆಸ್ಪತ್ರೆಗೆ ಹೋಗಲೇಬೇಕಾದ ದಿನ ಕಾರಿಲ್ಲದೆ ಊರು ನಡೆಯುತ್ತದೆಯೇ ಎಂಬುದು ಆ ದಿನ ತಿಳಿಯುತ್ತದೆ. ಅದನ್ನು ಹೇರುವ ಮುನ್ನ, ಅಥವಾ ಹೇರಿದ ಕೂಡಲೇ, ಜನರ ಒಪ್ಪಿಗೆ ಕೇಳಿದ್ದು ಕೂಡ ನಾವು ಗಮನಿಸಬೇಕಾದ ಸಂಗತಿ.

ಇದೇ ಪರೀಕ್ಷೆಯನ್ನು ಮಂಗಳೂರಿನಲ್ಲಿ ನಡೆಸಿದರೆ ಮೊದಲು ಎಡವುವುದು ಬಸ್ಸಿನಲ್ಲಿ. ಕರಾವಳಿಯ ಖಾಸಗಿ ಬಸ್ಸಿನ ಪರಂಪರೆ ದೊಡ್ಡದು. ಸರ್ಕಾರಿ ಬಸ್ಸು ಕಾಣದ ಹಳ್ಳಿಗಳಿಗೆ ಸರ್ವಿಸ್ ಬಸ್ಸು ಶಾಲೆಯನ್ನೂ ಆಸ್ಪತ್ರೆಯನ್ನೂ ಹತ್ತಿರ ಮಾಡಿದೆ. ‘ಬೇಗ ಜಪ್ಪುಲೆ’ (ಬೇಗ ಇಳಿಯಿರಿ) ಎಂದು ತುಳುವಿನಲ್ಲಿ ಅವಸರಿಸುವ ಕಂಡಕ್ಟರ್, ತನ್ನ ಬಸ್ಸಿನಲ್ಲಿ ದಿನವೂ ಬರುವ ಅಜ್ಜಿ ಯಾವ ಸ್ಟಾಪಿನಲ್ಲಿ ಇಳಿಯುತ್ತಾರೆಂದು ನೆನಪಿಟ್ಟು ಆಕೆಯ ಚೀಲವನ್ನು ತಾನೇ ಇಳಿಸಿಕೊಡುವುದನ್ನೂ ನಾನು ನೋಡಿದ್ದೇನೆ. ಆದರೆ ಆ ಬಸ್ಸು ಓಡುವುದು ಕಲೆಕ್ಷನ್ ಮೇಲೆ. ಜನ ಕಡಿಮೆ ಇರುವ ಭಾನುವಾರ, ರಾತ್ರಿ ಎಂಟರ ನಂತರ, ಟ್ರಿಪ್ ಕಟ್ ಮಾಡುವುದು ಮಾಲೀಕರಿಗೆ ಅನಿವಾರ್ಯವೆನಿಸುತ್ತದೆ. ಆದ್ದರಿಂದ ಭಾನುವಾರ ಕಾರುರಹಿತ ದಿನ ಮಾಡಿದರೆ ಕಾರು ಇಲ್ಲದ ದಿನವೇ ಬಸ್ಸೂ ಕಡಿಮೆ ಇರುವ ದಿನವಾಗುತ್ತದೆ. ಕಾರು ಇರುವವರು ಆ ದಿನ ಮನೆಯಲ್ಲಿ ಉಳಿಯುತ್ತಾರೆ, ಹೊರಗೆ ಬರಲೇಬೇಕಾದವರು ಬಿಸಿಲಿನಲ್ಲಿ ಕಾಯುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಲೂ, ನಗರದೊಳಗೆ ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ನಮ್ಮ ಜಿಲ್ಲೆಗಳ ಮಹಿಳೆಯರಿಗೆ ಅದರ ಪ್ರಯೋಜನ ಉಳಿದ ಕಡೆಯಷ್ಟು ಸಿಗಲಿಲ್ಲ. ಬ್ರಸೆಲ್ಸ್‌ನಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಇಡೀ ನಗರ ಪ್ರದೇಶಕ್ಕೆ ಕಾರುರಹಿತ ಭಾನುವಾರ ಘೋಷಿಸುವಾಗ ಆ ದಿನ ಸಾರ್ವಜನಿಕ ಸಾರಿಗೆಯನ್ನು ಉಚಿತ ಮಾಡುತ್ತಾರೆ, ಅನುಮತಿ ಇರುವ ವಾಹನಗಳೂ ಗಂಟೆಗೆ 30 ಕಿಲೋಮೀಟರ್ ವೇಗ ಮೀರುವಂತಿಲ್ಲ. ಇಲ್ಲಿ ಅಷ್ಟು ಮಾಡಬೇಕಾದರೆ ಖಾಸಗಿ ಮಾಲೀಕರಿಗೆ ಟ್ರಿಪ್ ಲೆಕ್ಕದಲ್ಲಿ ಹಣ ಕಟ್ಟಿಕೊಡಬೇಕು. ಅದು ಭಿಕ್ಷೆಯಲ್ಲ, ಸೇವೆಗೆ ಕೊಡುವ ಬೆಲೆ.

ಬಸ್ಸನ್ನು ಸರಿಪಡಿಸದೆ ನಿರ್ಬಂಧವನ್ನಷ್ಟೇ ಬಿಗಿಗೊಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಮೆಕ್ಸಿಕೋ ನಗರ ಸಾಕ್ಷಿ. 1989ರಲ್ಲಿ ಅಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕೆಯ ಪ್ರಕಾರ ಪ್ರತಿ ಕಾರೂ ವಾರಕ್ಕೊಂದು ದಿನ ಮನೆಯಲ್ಲಿರಬೇಕೆಂಬ ನಿಯಮ ಬಂತು. ಜನರು ಬೇರೆ ನಂಬರಿನ ಇನ್ನೊಂದು ಕಾರನ್ನು, ಹೆಚ್ಚಾಗಿ ಹಳೆಯದನ್ನು, ಕೊಂಡರು. ಲ್ಯೂಕಸ್ ಡೇವಿಸ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಾಳಿ ಸುಧಾರಿಸಿದ ಕುರುಹು ಕಾಣಲಿಲ್ಲ. ಇದು ಕಾರುರಹಿತ ದಿನವಲ್ಲ ನಿಜ, ಆದರೆ ಒಂದೇ ಮನೆತನದ ನಿಯಮ.

ಉತ್ಸವವಾಗಿ ಜಾರುವ ಅಪಾಯಕ್ಕೆ ಜಕಾರ್ತಾ ಉದಾಹರಣೆ. ಅಲ್ಲಿನ ಮುಖ್ಯ ರಸ್ತೆಯಲ್ಲಿ ಭಾನುವಾರ ಬೆಳಗಿನ ಕಾರುರಹಿತ ಹೊತ್ತು ಎಷ್ಟು ಜನಪ್ರಿಯವಾಯಿತೆಂದರೆ ರಸ್ತೆಯೇ ಸಂತೆಯಾಯಿತು, ರಾಜಕೀಯ ಸಭೆಗಳೂ ನುಗ್ಗಿದವು, ಕೊನೆಗೆ 2016ರಲ್ಲಿ ಅಲ್ಲಿ ಏನು ನಡೆಯಬಹುದು, ಏನು ಕೂಡದು ಎಂದು ನಿಯಮ ತರಬೇಕಾಯಿತು. ಇದಕ್ಕೆ ಪ್ರತಿಯಾಗಿ, ರುವಾಂಡಾದ ಕಿಗಾಲಿಯಲ್ಲಿ 2016ರಿಂದ ನಡೆಯುವ ಕಾರುರಹಿತ ದಿನದಲ್ಲಿ ವ್ಯಾಯಾಮದ ಜೊತೆಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆಯಂಥವುಗಳ ತಪಾಸಣೆಯನ್ನು ಉಚಿತವಾಗಿ ಮಾಡುತ್ತಾರೆ. ಇಷ್ಟೊಂದು ವೈದ್ಯಕೀಯ ಕಾಲೇಜುಗಳಿರುವ ನಮ್ಮ ಎರಡು ಜಿಲ್ಲೆಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಸೆಪ್ಟೆಂಬರ್ 22 ನಮ್ಮ ದಿನವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ ಆ ದಿನ ಕೊಡೆ ಹಿಡಿದು ಸೈಕಲ್ ತುಳಿಯಿರಿ ಎನ್ನುವುದು ಜನರನ್ನು ಮೊದಲ ದಿನವೇ ವಿರೋಧಿಗಳನ್ನಾಗಿ ಮಾಡುವ ದಾರಿ. ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗಿನ ಬೆಳಗುಗಳಲ್ಲಿ ನಡೆಯಲು ಹಿತವಾಗಿರುತ್ತದೆ. ಸೈಕಲ್ಲಿನ ಬಗ್ಗೆಯೂ ಒಂದು ಮಾತು: ಬಲ್ಮಠದ ಏರು, ಕದ್ರಿಯ ಏರು, ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ದಾರಿ ಇವನ್ನು ಬಲ್ಲವರು ನೆದರ್‌ಲ್ಯಾಂಡ್ಸ್‌ನ ಚಿತ್ರ ತೋರಿಸಿ ಸೈಕಲ್ ತುಳಿಯಿರಿ ಎನ್ನುವುದಿಲ್ಲ. ನಮ್ಮದು ನಡಿಗೆ ಮತ್ತು ಬಸ್ಸಿನ ಊರು.

ಕಾನೂನಿನಲ್ಲಿ ಅಡ್ಡಿ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಸಾರ್ವಜನಿಕ ಸುರಕ್ಷತೆ, ಅನುಕೂಲಗಳಿಗಾಗಿ ವಾಹನಗಳನ್ನು ನಿರ್ಬಂಧಿಸುವ ಅಧಿಕಾರ ಕೊಡುತ್ತದೆ. ಒಂದು ತಿಂಗಳೊಳಗಿನ ನಿರ್ಬಂಧಕ್ಕೆ ರಾಜ್ಯಪತ್ರದ ಅಧಿಸೂಚನೆಯೂ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ಪರ್ಯಾಯಕ್ಕೂ ದಸರಾಕ್ಕೂ ಇದೇ ದಾರಿ ಇದೆ.

ಆದ್ದರಿಂದ ನನ್ನ ಸಲಹೆ ಬಹಳ ಸಣ್ಣದು. ಜನವರಿಯ ಒಂದು ಶನಿವಾರ, ಬೆಳಿಗ್ಗೆ 6ರಿಂದ 11ರವರೆಗೆ, ಆಸ್ಪತ್ರೆ ಇಲ್ಲದ, ಹೆದ್ದಾರಿ ಮುಟ್ಟದ ಒಂದೇ ಒಂದು ರಸ್ತೆ: ಮಂಗಳೂರಿನಲ್ಲಿ ಕದ್ರಿ ಪಾರ್ಕಿನ ಎದುರಿನದಿರಬಹುದು, ಉಡುಪಿಯಲ್ಲಿ ರಥಬೀದಿಗೆ ಸೇರುವ ಬೀದಿಗಳಲ್ಲಿ ಒಂದಿರಬಹುದು. ರಿಕ್ಷಾ ರಸ್ತೆಯ ಎರಡೂ ತುದಿಯವರೆಗೆ ಬರಲಿ, ಬಸ್ಸಿಗೆ ಹೆಚ್ಚುವರಿ ಟ್ರಿಪ್ ಇರಲಿ, ವೇದಿಕೆ, ಧ್ವನಿವರ್ಧಕ ಬೇಡ. ವಿದ್ಯಾರ್ಥಿಗಳು ಹಾಳೆ, ಪೆನ್ಸಿಲ್ ಹಿಡಿದು ಎಣಿಸಲಿ: ನಡೆದವರು ಎಷ್ಟು, ಅವರಲ್ಲಿ ಅರವತ್ತು ದಾಟಿದವರು ಎಷ್ಟು, ಊರುಗೋಲು ಹಿಡಿದವರು ಎಷ್ಟು; ಪಕ್ಕದ ರಸ್ತೆಯಲ್ಲಿ ಎಷ್ಟು ಹೊತ್ತು ವಾಹನ ನಿಂತಿತು; ಬಸ್ಸಿಗೆ ಎಷ್ಟು ನಿಮಿಷ ಕಾಯಬೇಕಾಯಿತು; ಯಾವ ಅಂಗಡಿಗೆ ವ್ಯಾಪಾರ ಇಳಿಯಿತು, ಯಾವುದಕ್ಕೆ ಏರಿತು. ಹಿಂದಿನ ಶನಿವಾರವೂ ಮುಂದಿನ ಶನಿವಾರವೂ ಅದೇ ಜಾಗದಲ್ಲಿ ಅದೇ ಎಣಿಕೆ ನಡೆಯಬೇಕು. ಇಲ್ಲದಿದ್ದರೆ ಹೋಲಿಸಲು ಏನೂ ಉಳಿಯುವುದಿಲ್ಲ. ಎಣಿಕೆಯನ್ನು ನಗರಪಾಲಿಕೆಗೂ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೂ ಕೊಡಬೇಕು. ಮುಂದಿನ ಮಳೆಗಾಲದೊಳಗೆ ಎದ್ದ ಚಪ್ಪಡಿ ಕೂತಿತೇ, ತುಂಡಾದ ಫುಟ್‌ಪಾತ್ ಕೂಡಿತೇ ಎಂದು ನೋಡಿ, ಆಗಿದ್ದರೆ ಮಾತ್ರ ಎರಡನೇ ಬಾರಿ ರಸ್ತೆ ಮುಚ್ಚುವ ಮಾತು.

ಉಪನ್ಯಾಸ ಮುಗಿದ ಬಳಿಕ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ದಾಖಲಿಸುತ್ತೇನೆ. ತೊಕ್ಕೊಟ್ಟಿನ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ನಮ್ಮ ಮನೆಯಲ್ಲಿ ಕಾರೇ ಇಲ್ಲ. ನನಗೆ ಪ್ರತಿದಿನವೂ ಕಾರುರಹಿತ ದಿನವೇ. ಆ ದಿನ ನನಗೆ ಏನು ಬದಲಾಗುತ್ತದೆ?” ಎಂದು ಕೇಳಿದಳು. ನಾನು ಉತ್ತರಿಸುವ ಮೊದಲು, ನೀನು ಬಸ್ಸಿಳಿಯುವ ಜಾಗ ಹೇಗಿದೆ ಎಂದು ಮರುಪ್ರಶ್ನೆ ಕೇಳಿದೆ. ಬಸ್ಸು ನಿಲ್ಲಬೇಕಾದ ಜಾಗದಲ್ಲಿ ಸಾಲಾಗಿ ಕಾರು ನಿಂತಿರುವುದರಿಂದ ಬಸ್ಸು ನಡುರಸ್ತೆಯಲ್ಲಿ ನಿಲ್ಲುತ್ತದೆ, ಇಳಿದು ಹಿಂದಿನಿಂದ ಬರುವ ಬೈಕುಗಳನ್ನು ನೋಡಿಕೊಂಡು ಅಂಚಿಗೆ ಓಡಬೇಕು, ಮಳೆಗಾಲದಲ್ಲಿ ಕೊಡೆ ಬಿಡಿಸಲೂ ಹೊತ್ತಿಲ್ಲ ಎಂದಳು. ಆ ಬೆಳಿಗ್ಗೆ ಬಸ್ಸು ಅಂಚಿಗೆ ಬಂದು ನಿಂತಿತೇ ಇಲ್ಲವೇ ಎಂಬುದನ್ನು ಎಣಿಕೆಯ ಹಾಳೆಯಲ್ಲಿ ಮೊದಲ ಸಾಲಾಗಿ ಸೇರಿಸಿದ್ದೇನೆ.